ಬೇಸಿಗೆ ಶಿಬಿರ ಕೊಠಡಿಯಿಂದ ಹೊರಗೆ ಬರಲಿ

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ನಮ್ಮ ಶಾಲೆಗಳ ಬಾಗಿಲು ಮುಚ್ಚುತ್ತದೆ. ಮಲೆನಾಡಿನಲ್ಲಿ ಕಲಿಯಲು ಅತ್ಯಂತ ಹೆಚ್ಚು ವಿಷಯಗಳು ಸಿಗುವ ಕಾಲವೂ ಅದೇ. ಬ್ಯಾಣದ ಅಂಚಿನಲ್ಲಿ ಕವಳಿ ಹಣ್ಣು ಕಪ್ಪಾಗುತ್ತಿರುತ್ತದೆ. ಹೊಳೆಯಂಚಿನ ಮುರುಗಲು ಮರ ಕೆಂಪೇರುತ್ತದೆ. ಹಲಸು ಬಲಿಯುತ್ತದೆ, ನೇರಳೆ ಬಣ್ಣ ತಿರುಗಲು ಅಣಿಯಾಗುತ್ತದೆ. ಪೊಟರೆಯೊಳಗೆ ಕುಳಿತ ಮಂಗಟ್ಟೆ ಹಕ್ಕಿಗೆ ಗಂಡುಹಕ್ಕಿ ಹಣ್ಣು ಹೊತ್ತು ತರುತ್ತಿರುತ್ತದೆ. ಬಾವಿಯ ನೀರು ವರ್ಷದ ತಳಮಟ್ಟಕ್ಕೆ ಇಳಿದು, ಊರಿನ ಕಾಡು ಎಷ್ಟು ನೀರು ಹಿಡಿದಿತ್ತು ಎಂಬ ಲೆಕ್ಕವನ್ನು ತೆರೆದು ತೋರಿಸುತ್ತದೆ. ಮೇ ಕೊನೆಯವರೆಗಿನ ಸುಮಾರು ಏಳು ವಾರಗಳ ಈ ರಜೆಯನ್ನು ನಮ್ಮ ಮಕ್ಕಳು ಹೇಗೆ ಕಳೆಯುತ್ತಾರೆ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ.

ಉತ್ತರ ಸುಲಭವಾಗಿಯೇ ಕಾಣುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಈಗ ಬೇಸಿಗೆ ಶಿಬಿರಗಳಿಗೆ ಕೊರತೆಯಿಲ್ಲ. ಚಿತ್ರಕಲೆ, ಕರಕುಶಲ, ನೃತ್ಯ, ಇಂಗ್ಲಿಷ್ ಮಾತುಗಾರಿಕೆ, ಲೆಕ್ಕದ ವೇಗ, ಹೀಗೆ ಹತ್ತಾರು ಹೆಸರಿನ ತರಗತಿಗಳು ನಡೆಯುತ್ತವೆ. ಅವುಗಳನ್ನು ನಡೆಸುವವರ ಶ್ರಮವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಶಿಬಿರಗಳ ಬಗ್ಗೆ ಎರಡು ಮಾತುಗಳನ್ನು ಹೇಳಲೇಬೇಕಾಗಿದೆ. ಮೊದಲನೆಯದು, ಇವುಗಳಲ್ಲಿ ಹೆಚ್ಚಿನವು ನಾಲ್ಕು ಗೋಡೆಗಳ ನಡುವೆ ನಡೆಯುತ್ತವೆ. ಎರಡನೆಯದು, ಶುಲ್ಕ ಕೊಡಬಲ್ಲ, ಬಸ್ಸಿನ ಸೌಕರ್ಯವಿರುವ ಮನೆಯ ಮಕ್ಕಳಿಗೆ ಮಾತ್ರ ಇವು ಎಟಕುತ್ತವೆ. ಕೂಲಿಗೆ ಹೋಗುವವರ ಮಕ್ಕಳಿಗೆ, ಕಾಡಿನ ನಡುವಿನ ಒಂಟಿ ಮನೆಗಳ ಮಕ್ಕಳಿಗೆ, ರಜೆ ಬಂದೊಡನೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹೊರುವ ಹೆಣ್ಣುಮಕ್ಕಳಿಗೆ ಶಿಬಿರವೆಂಬುದು ಪತ್ರಿಕೆಯಲ್ಲಿ ಕಾಣುವ ಚಿತ್ರವಷ್ಟೆ.

ಕೆಲವು ವರ್ಷಗಳ ಹಿಂದಿನ ಒಂದು ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಪಟ್ಟಣವೊಂದರ ಬೇಸಿಗೆ ಶಿಬಿರಕ್ಕೆ ಜೀವವೈವಿಧ್ಯದ ಕುರಿತು ಮಾತನಾಡಲು ನನ್ನನ್ನು ಕರೆದಿದ್ದರು. ನಾನು ಹೋದಾಗ ಮಕ್ಕಳು ಥರ್ಮಾಕೋಲಿನಲ್ಲಿ ಕಾಡಿನ ಮಾದರಿಯೊಂದನ್ನು ಮಾಡುತ್ತಿದ್ದರು. ಹಸಿರು ಬಣ್ಣ ಬಳಿದ ಮರಗಳು, ಹತ್ತಿಯ ಮೋಡ, ಪಕ್ಕದಲ್ಲೊಂದು ಜಿರಾಫೆ. ಕಿಟಕಿಯ ಹೊರಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ದೊಡ್ಡ ಮಾವಿನ ಮರವಿತ್ತು. ಅದರ ಎಲೆಗಳನ್ನು ಹೊಲಿದು ಚಗಳಿ ಇರುವೆಗಳು ಗೂಡು ಕಟ್ಟಿದ್ದವು. ಬಟ್ಟೆ ಕೊಳೆಯಾಗುತ್ತದೆಂಬ ಕಾರಣಕ್ಕೆ ಮಕ್ಕಳನ್ನು ಅಲ್ಲಿಗೆ ಬಿಟ್ಟಿರಲಿಲ್ಲ. ನಾನೂ ಒಂದು ಗಂಟೆ ಕಾಲ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಉಪನ್ಯಾಸ ಕೊಟ್ಟೆ. ಮಂಗಟ್ಟೆ ಹಕ್ಕಿಯ ಚಿತ್ರ ಬಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಇದು ನಮ್ಮನೆ ಹಿಂದಿನ ಮರದಲ್ಲಿದೆ. ಹೆಣ್ಣು ಒಳಗೆ ಕೂತು ಬಾಯಿ ಮುಚ್ಚಿಕೊಂಡಿದೆ. ಗಂಡು ದಿನಾ ಹಣ್ಣು ತಂದು ಸಂದಿಯಿಂದ ಕೊಡ್ತದೆ. ನಿನ್ನೆ ಎಷ್ಟು ಸಲ ಬಂತು ಅಂತ ನಾನು ಎಣಿಸಿದ್ದೆ” ಎಂದಳು. ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದು ಸಂಘಟಕರು ಅವಳನ್ನು ಕೂರಿಸಿದರು. ನಾನೂ ಮುಂದಿನ ಚಿತ್ರಕ್ಕೆ ಹೋದೆ. ಕೊನೆಯಲ್ಲಿ ಸಮಯ ಉಳಿಯಲಿಲ್ಲ.

ಆ ಹುಡುಗಿ ಎಷ್ಟು ಸಲ ಎಣಿಸಿದ್ದಳು ಎಂಬುದು ನನಗೆ ಇಂದಿಗೂ ತಿಳಿಯದು. ಹಕ್ಕಿಯ ಗೂಡಿನ ಮುಂದೆ ಕುಳಿತು ಗಂಡುಹಕ್ಕಿ ಬಂದುಹೋದದ್ದನ್ನು ಎಣಿಸುವುದು ಕ್ಷೇತ್ರ ಸಂಶೋಧನೆಯ ಮೊದಲ ಪಾಠ. ವಿಶ್ವವಿದ್ಯಾಲಯದಲ್ಲಿ ಆ ಪಾಠ ಕಲಿಯಲು ನನಗೆ ವರ್ಷಗಳು ಹಿಡಿದಿದ್ದವು. ಅವಳು ಯಾರ ನೆರವೂ ಇಲ್ಲದೆ ಅದನ್ನು ಮಾಡಿದ್ದಳು. ಅವಳ ಅರಿವಿಗೆ ಆ ಕೊಠಡಿಯಲ್ಲಿ ಜಾಗವಿರಲಿಲ್ಲ. ಆ ದಿನ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಮಲೆನಾಡಿನ ಶಿಬಿರ ಹೇಗಿರಬೇಕೆಂಬ ನಮ್ಮ ಚರ್ಚೆ ಆ ತಪ್ಪಿನಿಂದಲೇ ಆರಂಭವಾಗಬೇಕೆಂದು ನನಗನ್ನಿಸುತ್ತದೆ.

ಇದೇನೂ ಹೊಸ ಚಿಂತನೆಯಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಆಟ, ಕುಣಿತ, ನಾಟಕ ಮತ್ತು ಸುತ್ತಲಿನ ನಿಸರ್ಗದೊಡನೆ ಬೆಸೆಯಲು ಯತ್ನಿಸಿದ್ದರು. ‘ಬಾಲ ಪ್ರಪಂಚ’ದ ಸಂಪುಟಗಳನ್ನು ಬರೆದ ಅದೇ ಕಾರಂತರು ಪುಸ್ತಕದ ಹೊರಗಿನ ಕಲಿಕೆಗೂ ಅಷ್ಟೇ ಮಹತ್ವ ಕೊಟ್ಟರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ರಜೆಯನ್ನು ನಾಟಕ, ಹಾಡು, ಜಾನಪದಗಳ ಕಲಿಕೆಯ ಕಾಲವನ್ನಾಗಿ ಮಾಡಿತು. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿಯೂ ಮಕ್ಕಳ ಬೇಸಿಗೆ ಶಿಬಿರಗಳು ನಡೆದಿವೆ. ಹಳ್ಳಿಯ ಮಗುವಿಗೆ ಶುಲ್ಕವಿಲ್ಲದೆ ಶಿಬಿರ ಸಿಗಬಹುದೆಂಬುದನ್ನು ಇವು ತೋರಿಸಿವೆ. ಈ ಅಡಿಪಾಯದ ಮೇಲೆ ನಮ್ಮ ನೆಲಕ್ಕೆ ತಕ್ಕ ಶಿಬಿರವನ್ನು ಕಟ್ಟುವುದು ನಮ್ಮ ಸಂಘಟನೆಗಳ ಕೆಲಸ.

“ಹಳ್ಳಿಯ ಮಕ್ಕಳು ಹೇಗೂ ಕಾಡುಮೇಡು ಅಲೆಯುತ್ತಾರೆ, ಅವರಿಗೇಕೆ ಹೊರಾಂಗಣ ಶಿಬಿರ?” ಎಂದು ಕೇಳುವವರಿದ್ದಾರೆ. ಒಂದು ತಲೆಮಾರಿನ ಹಿಂದೆ ಈ ಮಾತು ನಿಜವಾಗಿತ್ತು. ದನ ಕಾಯುವ ನೆಪದಲ್ಲಿ, ಸೊಪ್ಪು ತರುವ ನೆಪದಲ್ಲಿ ಬೆಟ್ಟದ ಪ್ರತಿಯೊಂದು ಮರವೂ ಮಕ್ಕಳಿಗೆ ಪರಿಚಯವಾಗುತ್ತಿತ್ತು. ಈಗ ಮೇಯಲು ಬಿಡುವ ದನಗಳೇ ಕಡಿಮೆಯಾಗಿವೆ. ಶಾಲೆ ದೂರವಾಗಿದೆ. ಬೆಳಿಗ್ಗೆ ವಾಹನ ಹತ್ತಿ ಸಂಜೆ ಇಳಿಯುವ ಮಗುವಿಗೆ ಮನೆ ಮತ್ತು ರಸ್ತೆಯ ನಡುವಿನ ಕಾಲುದಾರಿಯೂ ಅಪರಿಚಿತವಾಗುತ್ತಿದೆ. ರಜೆಯ ಹಗಲುಗಳನ್ನು ಹಿಂದೆ ದೂರದರ್ಶನ ತಿನ್ನುತ್ತಿತ್ತು, ಈಗ ಮೊಬೈಲ್ ತಿನ್ನುತ್ತಿದೆ. ಹತ್ತು ವರ್ಷದ ಮಗುವಿಗೆ ಮತ್ತಿ, ಹೊನ್ನೆ, ನಂದಿ, ಕಿಂದಲಗಳಲ್ಲಿ ಯಾವುದು ಯಾವುದೆಂದು ಹೇಳಲು ಬರುತ್ತದೆಯೇ ಎಂದು ನಿಮ್ಮ ಮನೆಯಲ್ಲಿಯೇ ಕೇಳಿ ನೋಡಿ.

ಇದರ ಪರಿಣಾಮ ಕೇವಲ ಹೆಸರುಗಳ ಮರೆವಿಗೆ ನಿಲ್ಲುವುದಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ ಹಳ್ಳಿಯ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಭಾಷಣದಿಂದಲ್ಲ. ಆ ಮರ ಹೋದರೆ ಯಾವ ಒರತೆ ಬತ್ತುತ್ತದೆ, ಯಾವ ತೋಟಕ್ಕೆ ಸೊಪ್ಪು ತಪ್ಪುತ್ತದೆ ಎಂಬುದು ಅಪ್ಪಿಕೊಂಡವರಿಗೆ ತಿಳಿದಿತ್ತು. ತಿಳಿಯದ ಮರವನ್ನು ಯಾರೂ ಅಪ್ಪಿಕೊಳ್ಳುವುದಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟಗಳ ಮುಂದಿನ ಹಕ್ಕುದಾರರು ಇಂದಿನ ಈ ಮಕ್ಕಳೇ. ಬೆಟ್ಟ ಯಾಕೆ ಬೇಕೆಂದು ತಿಳಿಯದವರ ಕೈಯಲ್ಲಿ ಬೆಟ್ಟ ಉಳಿಯುವುದು ಕಷ್ಟ.

ಹಾಗಾದರೆ ಶಿಬಿರದಲ್ಲಿ ಏನು ಮಾಡಬೇಕು? ಹಣ ಬೇಡದ, ಎಲ್ಲ ಹಳ್ಳಿಗಳಲ್ಲೂ ಮಾಡಬಹುದಾದ ಕೆಲವನ್ನು ಸೂಚಿಸುತ್ತೇವೆ.

ಮೊದಲು ನೀರು. ಎರಡೂ ಬದಿ ಕತ್ತರಿಸಿದ ಒಂದು ತಗಡಿನ ಡಬ್ಬಿಯನ್ನು ಹಿರಿಯರೊಬ್ಬರು ನೆಲಕ್ಕೆ ಎರಡು ಇಂಚು ಒತ್ತಿ ಕೂರಿಸಲಿ. ಮಕ್ಕಳು ಅದರೊಳಗೆ ಒಂದು ಲೀಟರ್ ನೀರು ಸುರಿದು ಇಂಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಶಾಲೆಯ ಆಟದ ಮೈದಾನದಲ್ಲಿ ಒಮ್ಮೆ, ರಸ್ತೆಯಂಚಿನಲ್ಲಿ ಒಮ್ಮೆ, ದರಕು ಹಾಸಿದ ಮರದಡಿಯಲ್ಲಿ ಒಮ್ಮೆ. ತುಳಿದು ಗಟ್ಟಿಯಾದ ಮೈದಾನದಲ್ಲಿ ನೀರು ನಿಂತೇ ಇರುತ್ತದೆ. ಎಲೆ ಕೊಳೆತು ಎರೆಹುಳು, ಬೇರುಗಳು ಸಡಿಲಗೊಳಿಸಿದ ಮಣ್ಣಿನಲ್ಲಿ ಅದು ನೋಡುನೋಡುತ್ತಲೇ ಇಳಿಯುತ್ತದೆ. ಕಾಡು ನೀರು ಹಿಡಿಯುತ್ತದೆ ಎಂದು ನಾವು ನೂರು ಸಲ ಹೇಳಿದರೂ ಹುಟ್ಟದ ನಂಬಿಕೆ ಈ ಒಂದು ಡಬ್ಬಿಯಿಂದ ಹುಟ್ಟುತ್ತದೆ. ಜೊತೆಗೆ, ಹಿರಿಯರ ಸಮ್ಮುಖದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಊರಿನ ಬಾವಿಗಳ ನೀರಿನ ಆಳವನ್ನು ಅಳೆದು ಪಟ್ಟಿ ಮಾಡಬಹುದು. ಪ್ರತಿ ವರ್ಷ ಅದೇ ದಿನ ಅಳೆದರೆ ಐದು ವರ್ಷಗಳಲ್ಲಿ ಊರಿನ ಬಳಿ ಯಾವ ಇಲಾಖೆಯಲ್ಲೂ ಇಲ್ಲದ ದಾಖಲೆಯೊಂದು ಇರುತ್ತದೆ.

ಎರಡನೆಯದು ಮಣ್ಣು ಮತ್ತು ಬಣ್ಣ. ಗದ್ದೆ, ತೋಟ, ಬೆಟ್ಟ ಮೂರು ಕಡೆಯ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಕುಲುಕಿ ಇಟ್ಟರೆ ಮೊದಲು ಮರಳು, ಮೇಲೆ ಗೋಡು, ಅದರ ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಅದೇ ಮಣ್ಣು ಚಿತ್ರ ಬಿಡಿಸಲೂ ಒದಗುತ್ತದೆ. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಗದ್ದೆಯೂ ಪೈರೂ ರೇಖೆಗಳಾಗಿ ಮೂಡುತ್ತವೆ. ಈ ಕಲೆ ಬಲ್ಲವರು ಶಿಬಿರಕ್ಕೆ ಬರುವ ಮಕ್ಕಳ ಅಮ್ಮಂದಿರು, ಅಜ್ಜಿಯರು. ಪೇಟೆಯಿಂದ ಚಿತ್ರಕಲಾ ಶಿಕ್ಷಕರನ್ನು ಕರೆಸುವ ನಾವು ಆ ಅಜ್ಜಿಯನ್ನು ಒಮ್ಮೆಯಾದರೂ ‘ಸಂಪನ್ಮೂಲ ವ್ಯಕ್ತಿ’ ಎಂದು ಕರೆದು ಗೌರವಧನ ಕೊಟ್ಟಿದ್ದೇವೆಯೇ? ಅರಿಶಿನದ ನೀರಿಗೆ ಸುಣ್ಣ ಬೆರೆತೊಡನೆ ಕೆಂಪಾಗುವುದು, ಮುರುಗಲು ಸಿಪ್ಪೆಯ ಕೆಂಪು ನೀರಿಗೆ ಅಡುಗೆ ಸೋಡಾ ಹಾಕಿದರೆ ನೊರೆಯುಕ್ಕಿ ಬಣ್ಣವೇ ಬದಲಾಗುವುದು, ಇವು ಪ್ರೌಢಶಾಲೆಯ ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೆ ಒಳ್ಳೆಯ ಪೀಠಿಕೆ. ಸುಣ್ಣವನ್ನು ಮಾತ್ರ ದೊಡ್ಡವರೇ ಕೈಯಿಂದ ಹಾಕಬೇಕು.

ಮೂರನೆಯದು ಆಟಿಕೆ. ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದ ತುಂಬ ಎಳೆಯುವ ಬಂಡಿ, ಹಾಳೆಯ ಟೊಪ್ಪಿ, ತೆಂಗಿನ ಗರಿಯ ಪೀಪಿ, ಗಿರಗಿಟ್ಟಲೆ. ಮಾಡಲು ಕಾಸು ಬೇಡ, ಮುರಿದರೆ ಕಸವಲ್ಲ, ಗೊಬ್ಬರ. ಪರಿಸರ ಶಿಬಿರವೆಂದು ಹೆಸರಿಟ್ಟು ಥರ್ಮಾಕೋಲ್, ಮಿನುಗು ಕಾಗದ, ಪ್ಲಾಸ್ಟಿಕ್ ಹೂಗಳನ್ನು ರಾಶಿ ಹಾಕಿ ಕೊನೆಯ ದಿನ ಶಾಲೆಯ ಹಿಂದೆ ಸುಡುವುದನ್ನು ನಿಲ್ಲಿಸಬೇಕು. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕಸದ ಬುಟ್ಟಿಯನ್ನು ಹೆಚ್ಚು ನಂಬುತ್ತಾರೆ.

ಬೀಜದುಂಡೆಗಳ ಕುರಿತು ಇಲ್ಲಿ ಒಂದು ಅಪ್ರಿಯ ಮಾತು ಹೇಳಬೇಕಾಗಿದೆ. ಇತ್ತೀಚಿನ ವರ್ಷಗಳಲ್ಲಿ ಬಹುತೇಕ ಎಲ್ಲ ಶಿಬಿರಗಳಲ್ಲೂ ಮಣ್ಣು ಸಗಣಿಗಳಲ್ಲಿ ಬೀಜ ಸುತ್ತಿ, ಒಣಗಿಸಿ, ಕಾಡಿಗೆ ಎಸೆಯುವ ಕಾರ್ಯಕ್ರಮವಿರುತ್ತದೆ. ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೊಕ ಜೇಡಿಮಣ್ಣಿನ ಉಂಡೆಗಳನ್ನು ಬಳಸಿದ್ದು ತಮ್ಮ ಹೊಲದಲ್ಲಿ, ಮುಖ್ಯವಾಗಿ ಧಾನ್ಯದ ಬೀಜವನ್ನು ಹಕ್ಕಿ ಇಲಿಗಳಿಂದ ಕಾಪಾಡಲು. ನಮ್ಮ ನಿತ್ಯಹರಿದ್ವರ್ಣ ಕಾಡಿನ ಬೀಜಗಳ ಸ್ವಭಾವವೇ ಬೇರೆ. ರಾಮಪತ್ರೆ, ಧೂಪ, ಹಲಸುಗಳ ಬೀಜ ಹಣ್ಣಿನಿಂದ ಹೊರಬಂದ ಮೇಲೆ ತೇವ ಕಳೆದುಕೊಂಡರೆ ಸಾಯುತ್ತದೆ. ಉಂಡೆಯಲ್ಲಿಟ್ಟು ದಿನಗಟ್ಟಲೆ ಬಿಸಿಲಿಗೆ ಒಣಗಿಸುವುದೆಂದರೆ ಅವನ್ನು ಕೊಂದ ಹಾಗೆಯೇ. ಆ ಬಿಸಿಲನ್ನು ತಾಳಿಕೊಳ್ಳುವುದು ಗಟ್ಟಿ ಸಿಪ್ಪೆಯ ಬೀಜಗಳು. ಅಕೇಶಿಯಾ, ಸುಬಾಬುಲ್ ಆ ಜಾತಿಯವು. ನಮ್ಮ ಬೆಟ್ಟಗಳಲ್ಲಿ ಈಗಾಗಲೇ ಅತಿಯಾಗಿರುವ ಮರಗಳನ್ನೇ ನಾವು ಮಕ್ಕಳ ಕೈಯಿಂದ ಮತ್ತೆ ಬಿತ್ತಿಸುವ ಅಪಾಯವಿದೆ. ಇನ್ನೂ ಒಂದು ಸಂಗತಿ: ಹುಲ್ಲು ಬೆಳೆಯುವ ಬ್ಯಾಣ ಖಾಲಿ ಜಾಗವಲ್ಲ. ಅದು ದನಕ್ಕೂ ಹಕ್ಕಿಗೂ ಮೊಲಕ್ಕೂ ಬೇಕಾದ ನೆಲೆ. ಮರವಿಲ್ಲದ ಕಡೆಯೆಲ್ಲ ಬೀಜ ಎಸೆಯುವುದನ್ನು ಮಕ್ಕಳಿಗೆ ಪುಣ್ಯಕಾರ್ಯವೆಂದು ಕಲಿಸಬಾರದು.

ಇದಕ್ಕೆ ಬದಲು ಬಹಳ ಸರಳವಾದ ಕೆಲಸವೊಂದಿದೆ. ಮಕ್ಕಳು ಹಲಸಿನ ಹಣ್ಣು ತಿಂದ ದಿನವೇ ಆ ಬೀಜವನ್ನು ತೊಳೆದು, ಅಡಿಕೆ ಹಾಳೆಯ ಕೊಟ್ಟೆಯಲ್ಲಿ ಮಣ್ಣು ತುಂಬಿ ಊರಲಿ. ಮುರುಗಲು, ವಾಟೆಹುಳಿ, ನೇರಳೆ, ತಮಗೆ ಸಿಕ್ಕಿದ ಯಾವುದೇ ಊರಿನ ಮರದ ಬೀಜವಾದರೂ ಸರಿ. ನೆರಳಿನಲ್ಲಿಟ್ಟು ದಿನವೂ ನೀರು ಹಾಕಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಮ್ಮ ಬೇಲಿಯಲ್ಲಿಯೋ ಶಾಲೆಯ ಅಂಚಿನಲ್ಲಿಯೋ ನೆಡಲಿ, ವರ್ಷಕ್ಕೊಮ್ಮೆ ಎತ್ತರ ಅಳೆಯಲಿ. ಸಾವಿರ ಉಂಡೆ ಎಸೆದ ಮಗುವಿಗೆ ಅವುಗಳಲ್ಲಿ ಒಂದಾದರೂ ಮೊಳೆಯಿತೇ ಎಂದು ತಿಳಿಯುವುದಿಲ್ಲ. ಒಂದು ಗಿಡ ನೆಟ್ಟ ಮಗುವಿಗೆ ಅದು ಸತ್ತರೂ ಯಾಕೆ ಸತ್ತಿತೆಂದು ತಿಳಿಯುತ್ತದೆ.

ನಾಲ್ಕನೆಯದು ದಾಖಲಾತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ದಾಖಲೆ ಇದೆಯೆಂದ ಮಾತ್ರಕ್ಕೆ ಅದು ಊರಿನ ಜನರ ಕೈಯಿಂದ ಮೂಡಿದ್ದೆಂದು ಹೇಳಲಾಗದು. ನಿಮ್ಮ ಪಂಚಾಯಿತಿಯ ದಾಖಲೆಯನ್ನು ಒಮ್ಮೆ ಕೇಳಿ ಪಡೆದು, ಮಕ್ಕಳ ಮುಂದೆ ತೆರೆಯಿರಿ. ಅದರಲ್ಲಿಲ್ಲದ್ದನ್ನು ಅವರು ಸೇರಿಸಲಿ. ಯಾವ ಮನೆಯ ಅಪ್ಪೆಮಾವಿಗೆ ಯಾವ ಪರಿಮಳ, ಯಾವ ಗದ್ದೆಯಲ್ಲಿ ಇನ್ನೂ ಹಳೆಯ ಭತ್ತದ ತಳಿ ಉಳಿದಿದೆ, ಯಾವ ಕೆರೆಗೆ ಯಾವ ಹಕ್ಕಿ ಬರುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ ಬರೆದು, ಚಿತ್ರ ಬಿಡಿಸಿ, ಊರಿನ ನಕ್ಷೆಯಲ್ಲಿ ಗುರುತಿಸಲಿ. ಜೋಯಿಡಾದ ಕುಣಬಿ ಜನರಿಗೆ ಗೆಡ್ಡೆಗೆಣಸುಗಳ ಬಗ್ಗೆ ಇರುವ ತಿಳಿವಳಿಕೆ ಕೃಷಿ ವಿಜ್ಞಾನಿಗಳಾದ ನಮ್ಮನ್ನೂ ಬೆರಗುಗೊಳಿಸುವಂಥದ್ದು. ಆ ಮನೆಯ ಮಕ್ಕಳು ಅದನ್ನು ಹೆಮ್ಮೆಯಿಂದ ಬರೆಯುವಂತಾಗಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಾಟಿ ವೈದ್ಯರ ಔಷಧದ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು, ಗೋಡೆಗೆ ಅಂಟಿಸಬಾರದು, ಮೊಬೈಲಿನಲ್ಲಿ ಹಂಚಬಾರದು. ಅರಿವಿಗೆ ಒಡೆಯರಿದ್ದಾರೆ ಎಂಬುದೂ ಮಕ್ಕಳು ಕಲಿಯಬೇಕಾದ ಪಾಠ.

ಇಷ್ಟೆಲ್ಲ ಹೇಳಿದ ಮೇಲೆ ಅಪಾಯಗಳ ಬಗ್ಗೆ ಮೌನವಾಗಿರುವುದು ಹೊಣೆಗೇಡಿತನವಾಗುತ್ತದೆ. ಹೊರಾಂಗಣವೆಂದರೆ ಎಲ್ಲವೂ ಹಿತವೆಂಬ ಭ್ರಮೆ ಪೇಟೆಯವರಿಗೆ ಇರಬಹುದು, ನಮಗಿರಬಾರದು.

ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ ದುಃಖವನ್ನು ಮಲೆನಾಡು ಮರೆತಿಲ್ಲ. ಸೋಂಕು ಹರಡುವುದು ಉಣ್ಣೆಗಳಿಂದ, ಮುಖ್ಯವಾಗಿ ದರಕಿನಲ್ಲಿ ಅಡಗಿರುವ ಎಳೆಯ ಉಣ್ಣೆಗಳಿಂದ. ಅದರ ಹಾವಳಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ಬೇಸಿಗೆ ಶಿಬಿರದ ಕಾಲದವರೆಗೂ ಚಾಚುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ಬಳಕೆಯಲ್ಲಿಲ್ಲ. ಆದ್ದರಿಂದ ಶಿಬಿರಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಕಡ್ಡಾಯವಾಗಬೇಕು. ಆ ವರ್ಷ ಸುತ್ತಮುತ್ತ ಮಂಗಗಳು ಸತ್ತಿದ್ದರೆ, ಕಾಯಿಲೆ ಕಾಣಿಸಿದ್ದರೆ ಮಕ್ಕಳನ್ನು ಕಾಡಿಗೆ ಒಯ್ಯಲೇಬಾರದು. ಮೇಲೆ ಹೇಳಿದ ಚಟುವಟಿಕೆಗಳಲ್ಲಿ ಬಹುಪಾಲು ಶಾಲೆಯ ಅಂಗಳದಲ್ಲಿ, ಗದ್ದೆಬಯಲಿನಲ್ಲಿ ನಡೆಯುವಂಥವು. ನೀರು ಇಂಗುವ ಪ್ರಯೋಗಕ್ಕೂ ಅಂಗಳದ ಮರದಡಿ ಸಾಕು. ಕಾಯಿಲೆಯ ಸುಳಿವಿಲ್ಲದ ಕಡೆಯೂ ಪೂರ್ಣ ತೋಳಿನ ಅಂಗಿ, ಉದ್ದ ಪ್ಯಾಂಟು, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿವಾರಕ ತೈಲ, ಮರಳಿದೊಡನೆ ಬಿಸಿನೀರಿನ ಸ್ನಾನ, ಮೈಯೆಲ್ಲ ಹುಡುಕಿ ಉಣ್ಣೆ ತೆಗೆಯುವುದು, ಇವು ತಪ್ಪಬಾರದು. ಆಮೇಲೆ ಮಗುವಿಗೆ ಜ್ವರ, ತಲೆನೋವು, ಮೈಕೈ ನೋವು ಕಂಡರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಎರಡನೆಯ ಅಪಾಯ ಹೊಳೆ. ರಜೆಯಲ್ಲಿ ಈಜಲು ಇಳಿದ ಮಕ್ಕಳು ಮರಳದ ಸುದ್ದಿಯನ್ನು ನಾವು ಬೇಸಿಗೆಯಿಂದ ಬೇಸಿಗೆಗೆ ಓದುತ್ತಲೇ ಇದ್ದೇವೆ. ನೀರು ಇಳಿದ ಹೊಳೆ ಮೇಲ್ನೋಟಕ್ಕೆ ಸಾಧು, ಆದರೆ ಗುಂಡಿಗಳು ಹಾಗೆಯೇ ಇರುತ್ತವೆ. ಮರಳು ತೆಗೆದ ಕಡೆ ಹೊಸ ಗುಂಡಿಗಳೂ ಇರುತ್ತವೆ. ಶಿಬಿರದ ವೇಳೆಯಲ್ಲಿ ಯಾವ ಮಗುವೂ ನೀರಿಗೆ ಇಳಿಯಬಾರದು. ಈಜು ಕಲಿಸುವುದಾದರೆ ಅದಕ್ಕಾಗಿಯೇ ದಿನ ಗೊತ್ತುಮಾಡಿ, ಆಳ ತಿಳಿದ ಜಾಗದಲ್ಲಿ, ಈಜು ಬಲ್ಲ ಹಿರಿಯರು ನೀರಿನಲ್ಲಿ ನಿಂತು ಕಲಿಸಬೇಕು. ಮಲೆನಾಡಿನ ಮಗುವಿಗೆ ಈಜು ಬರಬೇಕು, ಅದನ್ನು ಕದ್ದು ಕಲಿಯುವಂತಾಗಬಾರದು.

ಮೂರನೆಯದು ಬೆಂಕಿ. ರಾತ್ರಿ ಶಿಬಿರವೆಂದರೆ ಬೆಂಕಿ ಹಾಕಿ ಸುತ್ತ ಕುಣಿಯುವುದು ಎಂಬ ಅಭ್ಯಾಸ ಎಲ್ಲಿಂದಲೋ ಬಂದು ಸೇರಿದೆ. ಏಪ್ರಿಲ್ ಮೇ ತಿಂಗಳಿನ ದರಕು ಒಂದು ಕಿಡಿಗೆ ಕಾಯುತ್ತಿರುತ್ತದೆ. ಬೆಂಕಿ ಬೇಡ. ದೀಪಗಳನ್ನೆಲ್ಲ ಆರಿಸಿ, ಶಾಲೆಯ ಜಗುಲಿಯಲ್ಲಿ ಹತ್ತು ನಿಮಿಷ ಮೌನವಾಗಿ ಕುಳಿತು ಕೇಳಿದ ಶಬ್ದಗಳನ್ನು ಎಣಿಸಲಿ. ಮೊದಲ ಮಳೆ ಬಿದ್ದಿದ್ದರೆ ಕಪ್ಪೆಗಳ ಕೂಗಿನಲ್ಲಿಯೇ ಹಲವು ಬಗೆ ಕೇಳುತ್ತವೆ, ಮಿಣುಕುಹುಳಗಳು ಮರವನ್ನೇ ಬೆಳಗಿಸಿದ್ದೂ ಕಾಣಬಹುದು. ಆ ಕತ್ತಲೆಯಲ್ಲಿ ಊರಿನ ಅಜ್ಜನೊಬ್ಬ ಕಥೆ ಹೇಳಿದರೆ ಬೇರೆ ಮನರಂಜನೆ ಬೇಕಾಗುವುದಿಲ್ಲ.

ಪಾಲಕರ ಆತಂಕವನ್ನೂ ನಾವು ಅರಿತಿದ್ದೇವೆ. “ಮುಂದಿನ ವರ್ಷ ಹತ್ತನೆಯ ತರಗತಿ, ಈಗ ಹಕ್ಕಿ ಎಣಿಸಿಕೊಂಡು ಕೂತರೆ ಆಗುತ್ತದೆಯೇ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ, ಧಾರಣೆಯ ಏರಿಳಿತ, ಕಾಡುಪ್ರಾಣಿಗಳ ಕಾಟ ಇವುಗಳ ನಡುವೆ ಬದುಕುವ ಕುಟುಂಬ ತನ್ನ ಮಗು ಪೇಟೆಯಲ್ಲಿ ನೌಕರಿ ಹಿಡಿಯಲೆಂದು ಬಯಸಿದರೆ ಅದನ್ನು ಟೀಕಿಸುವ ಅಧಿಕಾರ ನಮಗಿಲ್ಲ. ಎಲ್ಲ ಮಕ್ಕಳೂ ಊರಿನಲ್ಲಿಯೇ ಉಳಿಯಲೆಂದು ನಾವು ಹೇಳುತ್ತಲೂ ಇಲ್ಲ. ಆದರೆ ಹೋಗುವ ಮಗು ಏನನ್ನು ಬಿಟ್ಟುಹೋಗುತ್ತಿದ್ದೇನೆಂದು ತಿಳಿದು ಹೋಗಲಿ. ನಾಳೆ ಆ ಮಗು ಎಂಜಿನಿಯರಾಗಿ ಅಣೆಕಟ್ಟಿನ ನಕ್ಷೆಯ ಮುಂದೆ, ಅಧಿಕಾರಿಯಾಗಿ ರಸ್ತೆ ಅಗಲೀಕರಣದ ಕಡತದ ಮುಂದೆ ಕುಳಿತಾಗ, ಕಾಗದದ ಮೇಲಿನ ಹಸಿರು ಬಣ್ಣದ ಅರ್ಥ ಅದಕ್ಕೆ ಗೊತ್ತಿರಲಿ. ಉಳಿಯುವ ಮಗು ತಾನು ಸೋತು ಉಳಿದೆನೆಂದು ಭಾವಿಸದಿರಲಿ. ಅಲ್ಲದೆ, ಅಳೆದು, ಎಣಿಸಿ, ಬರೆದು, ತನ್ನ ಮಾತಿನಲ್ಲಿ ವಿವರಿಸುವ ಅಭ್ಯಾಸ ಯಾವ ಪರೀಕ್ಷೆಗೂ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ ಒಂದು ಖಚಿತ ಸಲಹೆ. ಮೇ 22 ಅಂತಾರಾಷ್ಟ್ರೀಯ ಜೀವವೈವಿಧ್ಯ ದಿನ. ಅದು ನಮ್ಮ ರಜೆಯೊಳಗೇ ಬರುತ್ತದೆ. ಮೇ 11ರಿಂದ ಆರಂಭಿಸಿ ಆ ದಿನ ಮುಗಿಯುವಂತೆ ಹನ್ನೆರಡು ದಿನಗಳ ಶಿಬಿರವನ್ನು ಪ್ರತಿ ಊರಿನ ಶಾಲೆಯ ಅಂಗಳದಲ್ಲಿ ನಡೆಸಬಹುದು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಸಾಕು. ಇಪ್ಪತ್ತೈದು ಮೂವತ್ತು ಮಕ್ಕಳು, ಎಂಟು ಮಕ್ಕಳಿಗೆ ಒಬ್ಬರಂತೆ ಹಿರಿಯರು. ಶುಲ್ಕ ಬೇಡ. ಮನೆಯಿಂದ ಮನೆಗೆ ಸರದಿಯಂತೆ ಅವಲಕ್ಕಿ, ಮಜ್ಜಿಗೆ, ಪುನರ್ಪುಳಿ ಪಾನಕ ಬರಲಿ. ಪುಟ್ಟ ತಂಗಿಯನ್ನು ಬಿಟ್ಟುಬರಲಾಗದ ಹುಡುಗಿ ಅವಳನ್ನೂ ಕರೆತರಲಿ, ಅಂಗಳದಲ್ಲಿ ಎಲ್ಲರಿಗೂ ಜಾಗವಿದೆ. ರಜೆಗೆ ಊರಿಗೆ ಬಂದ ಕಾಲೇಜು ವಿದ್ಯಾರ್ಥಿಗಳು ಅಳತೆ, ದಾಖಲೆಗಳ ಹೊಣೆ ಹೊರಲಿ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿ ಮಿತ್ರರಿಗೆ ಇದು ನಮ್ಮ ನೇರ ಕರೆ. ಕೊನೆಯ ದಿನ ಮಕ್ಕಳು ತಮ್ಮ ನಕ್ಷೆ, ಚಿತ್ರ, ಬಾವಿಯ ಲೆಕ್ಕಗಳನ್ನು ಪಂಚಾಯಿತಿ ಸದಸ್ಯರ ಮುಂದಿಟ್ಟು ವಿವರಿಸಲಿ. ಅಂದು ವೇದಿಕೆಯ ಮೇಲೆ ಮಕ್ಕಳಿರಲಿ, ಅತಿಥಿಗಳು ಚಾಪೆಯ ಮೇಲೆ ಕುಳಿತು ಕೇಳಲಿ.

ಶಿಬಿರದ ಮೊದಲ ದಿನ ಯಾರೂ ಉಪನ್ಯಾಸ ಕೊಡಬಾರದೆಂಬುದು ನಮ್ಮ ವಿನಂತಿ. ತಜ್ಞರೂ ಸೇರಿದಂತೆ ಹಿರಿಯರೆಲ್ಲ ಕೈಯಲ್ಲಿ ಪುಸ್ತಕ ಪೆನ್ಸಿಲ್ ಹಿಡಿದು ಕುಳಿತು, ಮನೆಯ ಹಿಂದೆ ನೀವು ಏನು ನೋಡಿದ್ದೀರಿ ಎಂದು ಪ್ರತಿ ಮಗುವನ್ನೂ ಕೇಳಿ ಬರೆದುಕೊಳ್ಳಲಿ. ಪೊಟರೆಯ ಮುಂದೆ ಕುಳಿತು ಎಣಿಸಿದ ಹುಡುಗಿ ಯಾವ ಊರಿನಲ್ಲಿ ಬೇಕಾದರೂ ಇರಬಹುದು. ಈ ಸಲ ಅವಳು ಎದ್ದು ನಿಂತಾಗ ನಮ್ಮ ಬಳಿ ಸಮಯವಿರಲಿ.